ಟ್ರೇಲರ್ ಟೈರುಗಳ ಓರೆ ಸವೆತ

ಟ್ರೇಲರಿನ ಟೈರು ಅಗಲದುದ್ದಕ್ಕೂ ಒಂದೇ ಸಮನಾಗಿ ಸವೆಯದೆ ಒಳಮಗ್ಗುಲಲ್ಲೋ, ಹೊರಮಗ್ಗುಲಲ್ಲೋ, ನಟ್ಟನಡುವೆಯೋ, ಅಲ್ಲಲ್ಲಿ ಗುಳಿ ಬಿದ್ದೋ ಸವೆಯುವುದನ್ನು ಓರೆ ಸವೆತ ಎನ್ನಬಹುದು. ಅರ್ಧ ಟೈರಿನಲ್ಲಿ ಬಟನ್, ಅಂದರೆ ನೆಲಕ್ಕೆ ತಾಗುವ ರಬ್ಬರಿನ ಉಬ್ಬು, ಇನ್ನೂ ಚೆನ್ನಾಗಿರುವಾಗಲೇ ಉಳಿದರ್ಧ ನೈಸಾಗಿ ನೂಲು ಕಾಣಿಸುವುದು ಇದರ ಸಾಮಾನ್ಯ ರೂಪ. ಟ್ರೇಲರಿಗೆ ಎಂಜಿನ್ ಇಲ್ಲ, ಸ್ಟೀರಿಂಗ್ ಇಲ್ಲ, ಹಳ್ಳಿಯ ಎಷ್ಟೋ ಟ್ರೇಲರ್‌ಗಳಿಗೆ ಬ್ರೇಕೂ ಇಲ್ಲ. ಹಾಗಾಗಿ ಸವೆತಕ್ಕೆ ಕಾರಣವಾಗಬಲ್ಲವು ಕೆಲವೇ: ಹೊರೆ, ಗಾಳಿ, ಅಚ್ಚು, ಕಮಾನು ಪಟ್ಟಿ, ಹಬ್ಬಿನ ಬೇರಿಂಗು, ರಿಮ್ಮು. ಇವುಗಳಲ್ಲಿ ಯಾವುದು ಕೆಟ್ಟರೂ ಟೈರಿನ ಮೇಲೆ ಅದರದೇ ಗುರುತು ಮೂಡುತ್ತದೆ. ಆ ಗುರುತು ನೋಡಿ, ಟೇಪು, ದಾರ, ಜಾಕಿಗಳಿಂದ ಖಾತ್ರಿ ಮಾಡಿಕೊಂಡು ಕಾರಣ ಹಿಡಿಯುವ ಕ್ರಮವನ್ನು ಇಲ್ಲಿ ವಿವರಿಸಿದೆ. ಉದಾಹರಣೆಗಳು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಟ್ರ್ಯಾಕ್ಟರ್ ಟ್ರೇಲರ್‌ಗಳವು.

ಓರೆ ಸವೆತ ಕಂಡ ಕೂಡಲೇ ಮಾಲೀಕರು ಮಾಡುವ ಮೊದಲ ಕೆಲಸ ಟೈರು ಬದಲಿಸುವುದು. ಬಹುಪಾಲು ಸಂದರ್ಭದಲ್ಲಿ ಇದು ರೋಗ ಬಿಟ್ಟು ಬೇರೆಲ್ಲಿಗೋ ಕೊಟ್ಟ ಮದ್ದು. ಅಚ್ಚು ಬಾಗಿದ್ದರೆ ಹೊಸ ಟೈರೂ ಅದೇ ಮಗ್ಗುಲಲ್ಲಿ ಸವೆಯುತ್ತದೆ, ರೀಸೋಲ್ ಮಾಡಿಸಿದ್ದು, ಅಂದರೆ ಹಳೆಯದಕ್ಕೆ ಹೊಸ ಬಟನ್ ಕೂರಿಸಿದ್ದು, ಇನ್ನೂ ಬೇಗ ಹೋಗುತ್ತದೆ. ಟ್ರ್ಯಾಕ್ಟರಿಗೆ ಡೀಲರ್ ಇದ್ದಾರೆ, ಸರ್ವೀಸ್ ಇದೆ, ಬುಕ್ಕಿದೆ. ಟ್ರೇಲರಿಗೆ ಇವೊಂದೂ ಇಲ್ಲ. ಹೆಚ್ಚಿನವು ಊರಿನ ಅಥವಾ ಪಕ್ಕದ ಪಟ್ಟಣದ ವೆಲ್ಡಿಂಗ್ ಷೆಡ್ಡಿನಲ್ಲಿ ಕಟ್ಟಿದಂಥವು. ಅಲ್ಲಿ ಅಚ್ಚು ಕೂರಿಸಿದವರ ಕೈಯಳತೆಯೇ ಆ ವಾಹನದ ಅಲೈನ್‌ಮೆಂಟ್. ರೋಗ ಪತ್ತೆಯ ಹೊಣೆ ಪೂರ್ತಿ ಮಾಲೀಕನದೇ ಆಗುವುದು ಈ ಕಾರಣದಿಂದ. ಅದಕ್ಕೆ ಬೇಕಾದ ಸಾಮಾನು ಸಾಮಾನ್ಯವಾಗಿ ರೈತನ ಮನೆಯಲ್ಲೇ ಇರುತ್ತದೆ.

ಈ ಸೀಮೆಯ ಟ್ರೇಲರ್, ಅದರ ಹೊರೆ

ಹಾಸನ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗ ಟ್ರೇಲರಿಗೆ ಕೆಲಸ ತಪ್ಪದ ಸೀಮೆ. ಮುಂಗಾರಿಗೆ ಮುಂಚೆ ಪಂಜಾಬಿನ ಜಲಂಧರ್ ಕಡೆಯಿಂದ ಹಾಸನದ ಎ.ಪಿ.ಎಂ.ಸಿ.ಗೆ ಬಂದಿಳಿಯುವ ಬಿತ್ತನೆ ಆಲೂಗಡ್ಡೆ ಊರೂರಿಗೆ ಹೋಗುವುದು ಟ್ರೇಲರಿನಲ್ಲಿ. ಬೆಳೆದದ್ದು ಮಾರುಕಟ್ಟೆಗೆ ಬರುವುದೂ ಬಹುಮಟ್ಟಿಗೆ ಅದರಲ್ಲೇ. 50 ಕೆ.ಜಿ.ಯ ನೂರು ಮೂಟೆ ಹೇರಿದರೆ 5 ಟನ್ ಆಯಿತು. ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಸೌದೆ, ಬೇಯಿಸಿದ ಸೊಪ್ಪನ್ನು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಸಾಗಿಸುವ ಬೇಲು, ಜೊತೆಗೆ ಶುಂಠಿ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ನಾಲೆ ನೀರು ಹರಿದ ಕಡೆಯೆಲ್ಲ, ಹೊಳೆನರಸೀಪುರ ಸುತ್ತಿನಲ್ಲಿ ವಿಶೇಷವಾಗಿ, ಭತ್ತ ಮತ್ತು ಹುಲ್ಲು. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ, ಮತ್ತು ಅಲ್ಲಿನ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯ ದೆಸೆಯಿಂದ ಕಬ್ಬು.

ಈ ಪಟ್ಟಿಯಲ್ಲೇ ಅರ್ಧ ರೋಗನಿದಾನವಿದೆ. ಕಬ್ಬು, ಆಲೂಗಡ್ಡೆ, ಹಸಿ ಸೌದೆ ಭಾರದ ಸರಕು. ಹುಲ್ಲು, ಹೊಗೆಸೊಪ್ಪಿನ ಬೇಲು ನೋಡಲು ಗುಡ್ಡದಂತಿದ್ದರೂ ತೂಕದಲ್ಲಿ ಹಗುರ. ಒಂದೇ ಟ್ರೇಲರ್ ಈ ಎರಡನ್ನೂ ಹೊರುತ್ತದೆ. ಇಳಿಸಿದ ಮೇಲೆ ಖಾಲಿಯೂ ಬರುತ್ತದೆ. ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರೇಲರ್ ಓಡುವ ದೂರದಲ್ಲಿ ಅರ್ಧ ಖಾಲಿ ಓಟ. ಆದರೆ ಗಾಳಿ ಮಾತ್ರ ಎಲ್ಲಕ್ಕೂ ಒಂದೇ.

ಎರಡು ಚಕ್ರದ, ಒಂದೇ ಅಚ್ಚಿನ ಟ್ರೇಲರ್ ಇಲ್ಲಿ ಹಳೆಯ ಮಾದರಿ. ಇದರ ಹೊರೆಯಲ್ಲಿ ಒಂದು ಪಾಲು ಟ್ರ್ಯಾಕ್ಟರಿನ ಹುಕ್ಕಿನ ಮೇಲೆ ಕೂರುತ್ತದೆ. ನಾಲ್ಕು ಚಕ್ರದ್ದರಲ್ಲಿ ಮುಂದಿನ ಅಚ್ಚು ಟರ್ನ್‌ಟೇಬಲ್ ಮೇಲೆ ತಿರುಗುತ್ತದೆ. ಇವೆರಡರ ನಡುವೆ, ಹಿಂಬದಿಯಲ್ಲಿ ಎರಡು ಅಚ್ಚುಗಳನ್ನು ಹತ್ತಿರ ಹತ್ತಿರ ಜೋಡಿಸಿದ ಜೋಡಿ ಅಚ್ಚಿನ ಟ್ರೇಲರ್. 3 ಟನ್, 5 ಟನ್ ಎಂಬ ಲೆಕ್ಕದಲ್ಲಿ ಕಟ್ಟಿದವು ಕಬ್ಬಿನ ಕಾಲದಲ್ಲಿ ಅದಕ್ಕಿಂತ ಬಹಳ ಹೆಚ್ಚು ಹೊರುವುದನ್ನು ಯಾವ ರಸ್ತೆಯಲ್ಲಿ ನಿಂತರೂ ನೋಡಬಹುದು. ಟೈರುಗಳಲ್ಲಿ 7.50-16, 9.00-16, 9.00-20 ಅಳತೆಯ ನೈಲಾನ್ ಟೈರುಗಳೇ ಹೆಚ್ಚು, ಅದರಲ್ಲೂ ಲಾರಿಯಿಂದ ಬಿಚ್ಚಿದ ಹಳೆಯವು ಮತ್ತು ರೀಸೋಲ್ ಆದವು.

ಟೈರು ಹಾಕಿದ ಬಂಡಿ ಈ ನೆಲಕ್ಕೆ ಟ್ರ್ಯಾಕ್ಟರಿಗಿಂತ ಮೊದಲೇ ಬಂದದ್ದು. ಡನ್‌ಲಪ್ ಕಂಪನಿ 1936ರಲ್ಲಿ ಬಂಗಾಳದ ಸಹಾಗಂಜಿನಲ್ಲಿ ಕಾರ್ಖಾನೆ ತೆರೆಯಿತು. ಎತ್ತಿನ ಗಾಡಿಗೆ ಗಾಳಿ ಟೈರು ಹಾಕಿದ್ದು ಊರುಗಳಲ್ಲಿ ಡನ್‌ಲಪ್ ಗಾಡಿಯೆಂದೇ ಹೆಸರಾಯಿತು. ಎತ್ತಿನ ನಡಿಗೆಯ ವೇಗಕ್ಕೆ ಅಚ್ಚು ಸ್ವಲ್ಪ ಓರೆಯಿದ್ದರೂ ಸವೆತ ಕಾಣಿಸಿಕೊಳ್ಳಲು ವರ್ಷಗಳೇ ಬೇಕಿತ್ತು. ಟ್ರ್ಯಾಕ್ಟರು ಅದೇ ಓರೆಯನ್ನು ಒಂದೇ ಕಬ್ಬಿನ ಹಂಗಾಮಿನಲ್ಲಿ ಬಯಲಿಗೆ ತರುತ್ತದೆ. ಪಕ್ಕದ ಮೈಸೂರಿನಲ್ಲಿ ಸರ್ಕಾರದ ಆಶ್ರಯದಲ್ಲಿ ಬೆಳೆದ ವಿಕ್ರಾಂತ್ ಟೈರ್ಸ್, 1997ರಲ್ಲಿ ಜೆ.ಕೆ. ಟೈರ್ ತೆಕ್ಕೆಗೆ ಹೋದದ್ದು, ಹಳೆ ಮೈಸೂರು ಭಾಗದ ಲಾರಿ ಮತ್ತು ಟ್ರೇಲರ್‌ಗಳಲ್ಲಿ ದೀರ್ಘಕಾಲ ಪರಿಚಿತ ಹೆಸರು.

ಸವೆತದ ಗುರುತುಗಳು

ಟೈರನ್ನು ನೋಡುವ ಮೊದಲು ಒರೆಸಬೇಕು. ಕೆಂಪುಮಣ್ಣು ಮೆತ್ತಿದ ಟೈರಿನಲ್ಲಿ ಎಲ್ಲ ಸವೆತವೂ ಒಂದೇ ತರ ಕಾಣುತ್ತದೆ. ಆಮೇಲೆ ಒಳಅಂಚು, ನಡು, ಹೊರಅಂಚು, ಈ ಮೂರು ಕಡೆ ಬಟನ್‌ಗಳ ನಡುವಿನ ತೋಡಿನ ಆಳ ಅಳೆಯಬೇಕು. ಸುತ್ತಲೂ ನಾಲ್ಕು ಜಾಗದಲ್ಲಿ ಅಳೆದರೆ ಹನ್ನೆರಡು ಅಂಕಿ ಸಿಗುತ್ತವೆ. ಅಂಗಡಿಯಲ್ಲಿ ಸಿಗುವ ಗೇಜು ಒಳ್ಳೆಯದು, ಇಲ್ಲದಿದ್ದರೆ ಬೆಂಕಿಕಡ್ಡಿಗೆ ಉಗುರಿನಿಂದ ಗುರುತು ಮಾಡಿ ಸ್ಕೇಲಿಗೆ ಹಿಡಿದರೂ ಸಾಕು.

ಎರಡೂ ಅಂಚು ಸವೆದು ನಡು ಉಳಿದಿದ್ದರೆ ಹೊರೆಗೆ ಗಾಳಿ ಸಾಲದು. ನಡು ಸವೆದು ಅಂಚು ಉಳಿದಿದ್ದರೆ ಹೊರೆಗೆ ಗಾಳಿ ಹೆಚ್ಚು. ಕಬ್ಬಿನ ಲೆಕ್ಕದಲ್ಲಿ ಗಾಳಿ ಹಾಕಿಸಿ ವರ್ಷದ ಉಳಿದ ಭಾಗವೆಲ್ಲ ಹುಲ್ಲು ಹೊತ್ತ, ಖಾಲಿ ಓಡಿದ ಟ್ರೇಲರಿನಲ್ಲಿ ಇದು ಕಾಣುತ್ತದೆ. ಇವೆರಡೂ ಸರಳ.

ಎಡಬಲ ಎರಡೂ ಚಕ್ರಗಳಲ್ಲಿ ಒಳಮಗ್ಗುಲು ಮಾತ್ರ ಸವೆದಿದ್ದರೆ ಅಚ್ಚು ನಡುವಿನಲ್ಲಿ ಕೆಳಕ್ಕೆ ಜಗ್ಗಿದೆ. ಒಂದೇ ಚಕ್ರದಲ್ಲಿ ಹಾಗಾಗಿದ್ದರೆ ಆ ಬದಿಯ ಅಚ್ಚಿನ ತುದಿ ಬಾಗಿರಬೇಕು, ಇಲ್ಲವೇ ಅಲ್ಲಿನ ಬೇರಿಂಗು ಸಡಿಲವಾಗಿರಬೇಕು.

ಬಟನ್‌ಗಳ ಒಂದು ಅಂಚು ಉರುಟಾಗಿ ಇನ್ನೊಂದು ಅಂಚು ಚೂಪಾಗಿರುವುದು ಬೇರೆಯೇ ಜಾತಿಯ ಸವೆತ. ಇದು ಕಣ್ಣಿಗಿಂತ ಕೈಗೆ ಬೇಗ ಗೊತ್ತಾಗುತ್ತದೆ. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ, ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ ಎಳೆದು ನೋಡಬೇಕು. ಒಳಕ್ಕೆ ಎಳೆದಾಗ ನುಣ್ಣಗೆ ಜಾರಿ, ಹೊರಕ್ಕೆ ಎಳೆದಾಗ ಗರಗಸದ ಹಲ್ಲಿನಂತೆ ತಡೆದರೆ ಚಕ್ರದ ಮುಂಭಾಗ ಒಳಕ್ಕೆ ತಿರುಗಿದೆ ಎಂದರ್ಥ. ಇದಕ್ಕೆ ವಿರುದ್ಧವಾಗಿದ್ದರೆ ಮುಂಭಾಗ ಹೊರಕ್ಕೆ ತಿರುಗಿದೆ. ಕಾರಣ ನೇರವಾದದ್ದು: ಒಳಕ್ಕೆ ತಿರುಗಿದ ಚಕ್ರ ಒಳಗೆ ಹೋಗಲು ನೋಡುತ್ತದೆ, ಅಚ್ಚು ಬಿಡುವುದಿಲ್ಲ, ಟೈರು ಪ್ರತಿ ಸುತ್ತಿಗೂ ಹೊರಕ್ಕೆ ಉಜ್ಜಿಕೊಂಡು ಹೋಗುತ್ತದೆ, ಉಜ್ಜಿದ ದಿಕ್ಕಿನ ಅಂಚು ಉರುಟಾಗಿ, ಹಿಂದಿನ ಅಂಚು ಚೂಪಾಗಿ ನಿಲ್ಲುತ್ತದೆ.

ಸುತ್ತಲೂ ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತಿದೆ. ಬೇರಿಂಗಿನ ಆಟ, ಮುರಿದ ಕಮಾನು ಪಟ್ಟಿ, ಸೊಟ್ಟ ರಿಮ್ಮು, ರಿಮ್ಮಿನಲ್ಲಿ ಸರಿಯಾಗಿ ಕೂರದ ಟೈರು, ಒಂದು ಕಡೆ ದಪ್ಪವಾಗಿ ರೀಸೋಲ್ ಆದದ್ದು, ಇವೆಲ್ಲ ಕಾರಣಗಳು. ಗಟ್ಟಿ ಕಮಾನಿನ ಟ್ರೇಲರ್ ಖಾಲಿಯಾಗಿ ಜೋರು ಓಡಿದರೂ ಸಾಕು, ತುಂಬಿದ ಹೊರೆಗೆಂದು ಜೋಡಿಸಿದ ಪಟ್ಟಿಗಳು ಖಾಲಿ ತೂಕಕ್ಕೆ ಬಾಗುವುದೇ ಇಲ್ಲ. ನಾಲ್ಕು ಚಕ್ರದ ಟ್ರೇಲರಿನ ಮುಂದಿನ ಜೋಡಿಯಲ್ಲಿ ಮಾತ್ರ ಗುಳಿಗಳಿದ್ದರೆ ಟರ್ನ್‌ಟೇಬಲ್ ಸಡಿಲವಿದೆಯೇ ನೋಡಬೇಕು. ಬ್ರೇಕಿರುವ ಟ್ರೇಲರಿನಲ್ಲಿ ಒಂದೇ ಜಾಗದಲ್ಲಿ ಚಪ್ಪಟೆಯಾಗಿ ಸವೆದಿದ್ದರೆ ಬ್ರೇಕು ಕಚ್ಚಿದೆ.

ಕಬ್ಬು ಕಡಿದ ಗದ್ದೆಯಲ್ಲಿ ಕೂಳೆಯ ಮೊನೆಗಳ ಮೇಲೆ ಹಾದ ಟೈರಿನ ಬಟನ್ ಚೂರುಚೂರಾಗಿ ಕಿತ್ತು ಬರುತ್ತದೆ. ಇದು ಗಾಯ, ಸವೆತದ ಲೆಕ್ಕಕ್ಕೆ ಸೇರದು. ಆದರೆ ಗಾಳಿ ಹೆಚ್ಚಿದ್ದು ಬಿಗಿಯಾಗಿ ನಿಂತ ಟೈರಿಗೆ ಈ ಗಾಯ ಜಾಸ್ತಿ.

ಗಾಳಿ

ಗಾಳಿಯ ಪ್ರಮಾಣ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ: ಇಷ್ಟು ಹೊರೆಗೆ ಇಷ್ಟು ಗಾಳಿ. ಆ ಹೊರೆ ಒಂದು ಟೈರಿನದು, ಆ ಗಾಳಿ ತಣ್ಣಗಿರುವ ಟೈರಿನದು. ಈ ಎರಡನೆಯದನ್ನು ಮರೆಯುವುದರಿಂದ ಆಗುವ ನಷ್ಟ ದೊಡ್ಡದು. ಹಾಸನ ಪಟ್ಟಣ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಚಳಿಗಾಲದ ಬೆಳಗು ಇಲ್ಲಿ ತಂಪು. 20 ಡಿಗ್ರಿ ಸೆಲ್ಸಿಯಸ್ ಬೆಳಗಿನಲ್ಲಿ 80 ಪಿ.ಎಸ್.ಐ., ಅಂದರೆ ಪಂಕ್ಚರ್ ಅಂಗಡಿಯ ಮಾತಿನಲ್ಲಿ 80 ಪಾಯಿಂಟ್ ಇದ್ದ ಟೈರು ಹೊರೆ ಹೊತ್ತು ಓಡಿ 50 ಡಿಗ್ರಿಗೆ ಕಾದರೆ ಗೇಜು 89ರ ಆಸುಪಾಸು ತೋರಿಸುತ್ತದೆ. ಗಾಳಿ ಹೆಚ್ಚಾಯಿತೆಂದು ಅಲ್ಲೇ 80ಕ್ಕೆ ಇಳಿಸಿದರೆ ಮರುದಿನ ಬೆಳಗ್ಗೆ ಉಳಿಯುವುದು ಸುಮಾರು 71. ಮತ್ತೆ ಹೊರೆ ಹೇರಿದಾಗ ಟೈರಿನ ಪಕ್ಕ ಬಾಗಿ, ಬಿಸಿ ಇನ್ನೂ ಹೆಚ್ಚಾಗಿ, ಎರಡೂ ಅಂಚು ಸವೆಯುತ್ತವೆ. ಕಾದ ಟೈರಿನ ಗಾಳಿ ಇಳಿಸಬಾರದು.

ಎಡಬಲ ಟೈರುಗಳಲ್ಲಿ ಗಾಳಿ ಬೇರೆ ಬೇರೆ ಇದ್ದರೆ ಟ್ರೇಲರ್ ಒಂದು ಕಡೆಗೆ ವಾಲಿ, ಆ ಬದಿಗೆ ಹೊರೆ ಜಾಸ್ತಿಯಾಗುತ್ತದೆ. ಒಂದೇ ಅಚ್ಚಿನಲ್ಲಿ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ನೈಲಾನ್ ಹಾಕುವುದು, ಹೊಸದರ ಜೊತೆ ಪೂರ್ತಿ ಸವೆದದ್ದನ್ನು ಜೋಡಿಸುವುದು, ಇವೂ ಅದೇ ತೊಂದರೆ ತರುತ್ತವೆ. ನಮ್ಮ ರಸ್ತೆಗಳ ಮೈ ನಡುವಿನಿಂದ ಎರಡೂ ಪಕ್ಕಕ್ಕೆ ಇಳಿಜಾರಿರುವುದರಿಂದ, ರಸ್ತೆಯ ಎಡಬದಿಯಲ್ಲಿ ಸಾಗುವ ಟ್ರೇಲರಿನ ಎಡಚಕ್ರ ಸದಾ ತುಸು ಹೆಚ್ಚು ಹೊರುತ್ತದೆ. ಎಡಬಲಗಳ ನಡುವೆ ಸ್ವಲ್ಪ ವ್ಯತ್ಯಾಸ ಕಂಡ ಮಾತ್ರಕ್ಕೆ ಗಾಬರಿ ಬೇಡ.

ಅಚ್ಚು ಮತ್ತು ಹೊರೆ

ಈ ಸೀಮೆಯ ಟ್ರೇಲರ್‌ಗಳಲ್ಲಿ ಓರೆ ಸವೆತದ ಮೂಲವನ್ನು ಮೊದಲು ಹುಡುಕಬೇಕಾದದ್ದು ಅಚ್ಚಿನಲ್ಲಿ. ಅಚ್ಚು ಎರಡು ತುದಿಯಲ್ಲಿ ಚಕ್ರಗಳ ಮೇಲೆ ನಿಂತಿದೆ, ಹೊರೆ ಅದರ ಮೇಲೆ ಚಕ್ರಗಳಿಂದ ಒಳಕ್ಕೆ, ಕಮಾನು ಪಟ್ಟಿ ಕೂತ ಎರಡು ಜಾಗದಲ್ಲಿ ಬೀಳುತ್ತದೆ. ಹೊರೆ ಬಿದ್ದಾಗ ನಡು ಕೆಳಗಿಳಿದು ತುದಿಗಳು ಮೇಲೇಳುತ್ತವೆ, ಚಕ್ರಗಳ ಮೇಲ್ಭಾಗ ಒಂದರತ್ತ ಒಂದು ವಾಲುತ್ತದೆ. ಆಗ ನೆಲಕ್ಕೆ ಒತ್ತುವುದು ಒಳಅಂಚು. ಹೊರೆ ಇಳಿಸಿದ ಮೇಲೆ ಉಕ್ಕು ತನ್ನ ಆಕಾರಕ್ಕೆ ಮರಳಬೇಕು. ಮಿತಿ ಮೀರಿ ಹೇರಿದರೆ, ಅದರಲ್ಲೂ ಗುಂಡಿ ಬಿದ್ದ ರಸ್ತೆಯಲ್ಲಿ ತುಂಬಿದ ಟ್ರೇಲರ್ ಧೊಪ್ಪೆಂದು ಇಳಿದಾಗ, ಪೂರ್ತಿ ಮರಳುವುದಿಲ್ಲ. ಒಂದೊಂದು ಹಂಗಾಮಿಗೆ ಒಂದಿಷ್ಟು ಜಗ್ಗುತ್ತ ಹೋಗುತ್ತದೆ.

ಇದನ್ನು ಹಿಡಿಯಲು ಗಾರೆ ಕೆಲಸದವರ ತೂಗುಗುಂಡು ಸಾಕು. ಟ್ರೇಲರನ್ನು ಸಮತಟ್ಟಾದ ಕಣದಲ್ಲೋ ಸಿಮೆಂಟು ನೆಲದಲ್ಲೋ ನಿಲ್ಲಿಸಿ, ದಾರವನ್ನು ಹಬ್ಬಿಗೆ ತಾಗದಂತೆ ಚಕ್ರದ ಹೊರಗೆ ಇಳಿಬಿಟ್ಟು, ರಿಮ್ಮಿನ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ದಾರದಿಂದ ಎಷ್ಟು ದೂರವೆಂದು ಅಳೆಯಬೇಕು. ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಮತ್ತೊಮ್ಮೆ ಅಳೆದರೆ ರಿಮ್ಮಿನ ಸೊಟ್ಟು ಲೆಕ್ಕದಿಂದ ಹೊರಗುಳಿಯುತ್ತದೆ. 16 ಇಂಚಿನ ರಿಮ್ಮಿನಲ್ಲಿ ಮೇಲಿನ ಅಂಚು ಕೆಳಗಿನದಕ್ಕಿಂತ 7-8 ಮಿಲಿಮೀಟರ್ ಒಳಗಿದ್ದರೆ ಚಕ್ರ ಸುಮಾರು ಒಂದು ಡಿಗ್ರಿ ವಾಲಿದೆ. ಖಾಲಿ ಇದ್ದಾಗ ಒಮ್ಮೆ, ಹೇರಿದಾಗ ಒಮ್ಮೆ ಅಳೆಯಬೇಕು. ಖಾಲಿಯಲ್ಲೇ ಒಳಕ್ಕೆ ವಾಲಿದ್ದರೆ ಅಚ್ಚು ಖಾಯಮ್ಮಾಗಿ ಬಾಗಿದೆ. ಖಾಲಿಯಲ್ಲಿ ನೆಟ್ಟಗಿದ್ದು ಹೇರಿದಾಗ ಮಾತ್ರ ವಾಲಿದರೆ ಅಚ್ಚಿನ ದಪ್ಪಕ್ಕೆ ಹೊರೆ ಜಾಸ್ತಿ; ಅಚ್ಚು ಬದಲಿಸಬೇಕು, ಇಲ್ಲವೇ ಹೊರೆ ಇಳಿಸಬೇಕು, ಮೂರನೆಯ ದಾರಿ ಇಲ್ಲ.

ಹೊರೆ ಎಷ್ಟೆಂದು ಅಂದಾಜಿನಲ್ಲಿ ಹೇಳುವ ಅಭ್ಯಾಸ ಬಿಡಬೇಕು. ಕಬ್ಬಿನ ಟ್ರೇಲರ್‌ಗಳು ಕಾರ್ಖಾನೆಯಲ್ಲಿ ಹೇಗೂ ವೇಬ್ರಿಡ್ಜ್ ಮೇಲೆ ಹತ್ತುತ್ತವೆ. ಬೇರೆ ಸಮಯದಲ್ಲಿ ಯಾವುದೇ ವೇಬ್ರಿಡ್ಜಿನಲ್ಲಿ ಟ್ರ್ಯಾಕ್ಟರನ್ನು ಹೊರಗೆ ಬಿಟ್ಟು ಟ್ರೇಲರಿನ ಚಕ್ರಗಳನ್ನು ಮಾತ್ರ ಹತ್ತಿಸಿದರೆ ಅಚ್ಚಿನ ಮೇಲಿನ ತೂಕ ಸಿಗುತ್ತದೆ. ಜಾಗ ಅನುವಾಗಿದ್ದರೆ ಒಂದು ಬದಿಯ ಚಕ್ರವನ್ನಷ್ಟೇ ಹತ್ತಿಸಿ ಎಡಬಲದ ಪಾಲನ್ನೂ ತಿಳಿಯಬಹುದು. ಆ ಅಂಕಿಯನ್ನು ಟೈರಿನ ಪಕ್ಕದಲ್ಲಿ ಅಚ್ಚಾದ ಹೊರೆಯೊಂದಿಗೆ ಹೋಲಿಸಿದಾಗ ಎಷ್ಟೋ ವರ್ಷದ ತಕರಾರಿಗೆ ಉತ್ತರ ಒಂದೇ ಚೀಟಿಯಲ್ಲಿ ಸಿಕ್ಕಿರುತ್ತದೆ.

ಚಕ್ರಗಳ ಮುಖ: ಅಳೆಯುವ ಕ್ರಮ

ಚಕ್ರದ ವಾಲುವಿಕೆ ಟೈರನ್ನು ನಿಧಾನವಾಗಿ ತಿನ್ನುತ್ತದೆ. ಮುಖ ತಿರುಗಿದ ಚಕ್ರ ಬೇಗ ತಿನ್ನುತ್ತದೆ. ಚಕ್ರ ಒಂದು ಡಿಗ್ರಿ ಒಳಕ್ಕೋ ಹೊರಕ್ಕೋ ತಿರುಗಿದ್ದರೆ ಪ್ರತಿ ಕಿಲೋಮೀಟರಿಗೆ ಟೈರು 17 ಮೀಟರಿಗೂ ಹೆಚ್ಚು ಅಡ್ಡಕ್ಕೆ ಉಜ್ಜಿದಂತಾಗುತ್ತದೆ. ಅರಕಲಗೂಡಿನಿಂದ ಹಾಸನಕ್ಕೆ ಸುಮಾರು 30 ಕಿ.ಮೀ. ಅಷ್ಟು ದಾರಿಯಲ್ಲಿ ಹೊರೆ ಹೊತ್ತ ಟೈರನ್ನು ಟಾರಿನ ಮೇಲೆ ಅರ್ಧ ಕಿಲೋಮೀಟರ್ ಅಡ್ಡಡ್ಡ ಎಳೆದ ಲೆಕ್ಕ.

ಟ್ರೇಲರಿನಲ್ಲಿ ಇದಕ್ಕೆ ಕಾರಣ ಬಹುಮಟ್ಟಿಗೆ ಪೆಟ್ಟು. ನಾಲೆ ಏರಿಯ ಮೋರಿಗೆ, ಗದ್ದೆ ದಾರಿಯ ಗಡಿಕಲ್ಲಿಗೆ, ರಸ್ತೆ ಅಂಚಿನ ಕಟ್ಟೆಗೆ ಚಕ್ರ ತಾಗಿದಾಗ ಅಚ್ಚಿನ ತುದಿ ಹಿಂದಕ್ಕೆ ಬಾಗುತ್ತದೆ. ಮೊದಲೇ ಕಟ್ಟುವಾಗ ತುದಿಗಳನ್ನು ಓರೆಯಾಗಿ ಬೆಸೆದಿರುವುದೂ ಉಂಟು.

ಅಳತೆಗೆ ಮುನ್ನ ಬೇರಿಂಗಿನ ಆಟ ತೆಗೆಯಬೇಕು, ಇಲ್ಲದಿದ್ದರೆ ಅಳೆದದ್ದೆಲ್ಲ ಸುಳ್ಳು. ಜಾಕಿ ಕೊಟ್ಟು ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿದಾಗ ಕಟಕಟ ಎನ್ನಬಾರದು. ಕಟಕಟ ಎಂದರೆ ಹಬ್ಬಿನ ಮುಚ್ಚಳ ತೆಗೆದು, ಸ್ಪ್ಲಿಟ್ ಪಿನ್ನು ಎಳೆದು, ಚಕ್ರ ತಿರುಗಿಸುತ್ತ ನಟ್ಟು ಬಿಗಿ ಮಾಡಿ, ಆಮೇಲೆ ಚಕ್ರ ಸಲೀಸಾಗಿ ತಿರುಗುವಷ್ಟು ಸಡಿಲಿಸಿ, ಹೊಸ ಪಿನ್ನು ಹಾಕಬೇಕು. ಬಿಗಿ ಮಾಡಿದರೂ ಆಟ ಹೋಗದಿದ್ದರೆ ಅಥವಾ ತಿರುಗಿಸಿದಾಗ ಗರಗರ ಸದ್ದು ಬಂದರೆ ಬೇರಿಂಗು ಹೋಗಿದೆ. ಓಡಿ ಬಂದ ಕೂಡಲೇ ಹಬ್ಬುಗಳನ್ನು ಮುಟ್ಟಿ ನೋಡುವ ಅಭ್ಯಾಸವಿದ್ದರೆ ಇದು ಮೊದಲೇ ಗೊತ್ತಾಗಿರುತ್ತಿತ್ತು: ಒಂದು ಹಬ್ಬು ಬೆಚ್ಚಗಿದ್ದು ಇನ್ನೊಂದು ಕೈ ಇಡಲಾಗದಷ್ಟು ಸುಟ್ಟರೆ ಅಲ್ಲೇ ತೊಂದರೆ.

ಚಕ್ರ ಮೇಲಿರುವಾಗಲೇ ಎರಡೂ ಟೈರುಗಳ ನಡುಭಾಗಕ್ಕೆ ಸುತ್ತಲೂ ಸುಣ್ಣವೋ ಚಾಕ್‌ಪೀಸೋ ಬಳಿಯಬೇಕು. ಒಂದು ಹಲಗೆಗೆ ಮೊಳೆ ಹೊಡೆದು, ಹಲಗೆಯನ್ನು ಅಲುಗದಂತೆ ನೆಲಕ್ಕೆ ಒತ್ತಿಟ್ಟು, ಮೊಳೆಯ ಮೊನೆ ಬಿಳುಪಿಗೆ ತಾಗುವಂತೆ ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ಕೂದಲೆಳೆಯಂಥ ಗೆರೆ ಬೀಳುತ್ತದೆ. ಟೈರಿನ ಮೈ ಎಷ್ಟೇ ಸೊಟ್ಟಗಿದ್ದರೂ ಈ ಗೆರೆ ಮಾತ್ರ ಚಕ್ರ ತಿರುಗುವ ಸಮತಲದಲ್ಲೇ ಇರುತ್ತದೆ, ಅಳತೆಗೆ ಅದೇ ಆಧಾರ. ಎರಡೂ ಚಕ್ರಕ್ಕೆ ಗೆರೆ ಎಳೆದಾದ ಮೇಲೆ ಜಾಕಿ ಇಳಿಸಿ, ಟ್ರೇಲರನ್ನು ಎರಡು ಮಾರು ಮುಂದಕ್ಕೆ ಎಳೆದು ಅಚ್ಚು ತನ್ನ ಜಾಗದಲ್ಲಿ ಕೂರಲು ಬಿಡಬೇಕು. ನಂತರ ಹಬ್ಬಿನ ಎತ್ತರದಲ್ಲಿ, ಎಡಗೆರೆಯಿಂದ ಬಲಗೆರೆಗೆ ಅಚ್ಚಿನ ಮುಂದೆ ಒಂದು ಅಳತೆ, ಅಚ್ಚಿನ ಹಿಂದೆ ಒಂದು ಅಳತೆ. ಟೇಪು ಹಿಡಿಯಲು ಇಬ್ಬರು ಬೇಕು, ಓದುವವರು ಎರಡು ಸಲವೂ ಒಬ್ಬರೇ ಇರಬೇಕು.

ಎರಡು ಅಳತೆಯೂ ಒಂದೇ ಇದ್ದರೆ ಚಕ್ರಗಳು ಸಮಾನಾಂತರ. 7.50-16 ಟೈರಿನಲ್ಲಿ ಮುಂದಿನ ಅಳತೆ 10 ಮಿಲಿಮೀಟರ್ ಕಡಿಮೆಯಿದ್ದರೆ ಪ್ರತಿ ಚಕ್ರದ ಪಾಲು 5. ಕಿಲೋಮೀಟರಿಗೆ ಸುಮಾರು 6 ಮೀಟರ್ ಅಡ್ಡ ಉಜ್ಜು. ಇದರಲ್ಲಿ ತಪ್ಪು ಯಾವ ಚಕ್ರದ್ದು ಎಂದು ತಿಳಿಯಲು ಟ್ರೇಲರಿನ ಷಾಸಿಗೆ ಸಮನಾಗಿ ಎರಡೂ ಪಕ್ಕ ಉದ್ದಕ್ಕೆ ದಾರ ಕಟ್ಟಿ, ಪ್ರತಿ ಗೆರೆಗೂ ದಾರದಿಂದಿರುವ ದೂರ ನೋಡಬೇಕು. ಕೈಯಾಡಿಸಿದಾಗ ಸಿಕ್ಕ ಗುರುತೂ ಅಳತೆ ಹೇಳುವುದೂ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಟೈರನ್ನು ಈಚೆಗೆ ಮಗ್ಗುಲು ಬದಲಿಸಿ ಹಾಕಿರಬಹುದು.

ಷಾಸಿಗೆ ಅಚ್ಚು ಓರೆಯಾಗಿದ್ದರೆ

ಹುಕ್ಕಿನ ಪಿನ್ನಿನಿಂದ ಎಡಹಬ್ಬಿಗೂ ಬಲಹಬ್ಬಿಗೂ ದೂರ ಅಳೆದು ಸಮವಿಲ್ಲದಿದ್ದರೆ ಸವೆತಕ್ಕೆ ಅದೇ ಕಾರಣ ಎಂದು ತೀರ್ಮಾನಿಸುವುದು ರೂಢಿ. ಒಂದೇ ಅಚ್ಚಿನ ಟ್ರೇಲರಿನಲ್ಲಿ ಈ ತೀರ್ಮಾನ ಸರಿಯಲ್ಲ. ಅಚ್ಚು ಷಾಸಿಗೆ ಓರೆಯಿದ್ದರೆ ಟ್ರೇಲರ್ ಹುಕ್ಕಿನ ಸುತ್ತ ತುಸು ತಿರುಗಿ, ಚಕ್ರಗಳು ನೇರಕ್ಕೆ ಉರುಳುವ ಹಾಗೆ ತಾನೇ ಹೊಂದಿಕೊಳ್ಳುತ್ತದೆ. ಮೈ ಓರೆಯಾಗಿ ಹೋಗುತ್ತದೆ, ಹಿಂಬದಿ ರಸ್ತೆಯಲ್ಲಿ ಹೆಚ್ಚು ಜಾಗ ತಿನ್ನುತ್ತದೆ. ಚನ್ನರಾಯಪಟ್ಟಣ–ಹಾಸನ ನಡುವಿನ ಚತುಷ್ಪಥದಲ್ಲಿ ಬಸ್ಸು ಲಾರಿಗಳ ಪಕ್ಕ ಇದು ಅಪಾಯದ ಮಾತು, ಸರಿಪಡಿಸಲೇಬೇಕು. ಆದರೆ ಟೈರಿನ ಸವೆತ ಇದರಿಂದ ಅಷ್ಟಾಗಿ ಆಗದು. ಸವೆತಕ್ಕೆ ಕಾರಣ ಒಂದೇ ಅಚ್ಚಿನ ಎರಡು ಚಕ್ರಗಳ ನಡುವಿನ ಜಗಳ, ಮೇಲೆ ಹೇಳಿದ ಮುಂದಿನ ಹಿಂದಿನ ಅಳತೆಯಲ್ಲಿ ಸಿಗುವಂಥದ್ದು.

ಜೋಡಿ ಅಚ್ಚಿನಲ್ಲಿ ಕತೆ ಬೇರೆ. ಎರಡು ಅಚ್ಚುಗಳು ಒಂದಕ್ಕೊಂದು ಸಮಾನಾಂತರವಿಲ್ಲದಿದ್ದರೆ ಒಂದು ಒಂದು ಕಡೆಗೆ, ಇನ್ನೊಂದು ಇನ್ನೊಂದು ಕಡೆಗೆ ಎಳೆಯುತ್ತವೆ. ಟ್ರೇಲರ್ ಯಾವುದಕ್ಕೂ ಹೊಂದಿಕೊಳ್ಳಲಾರದೆ ನಾಲ್ಕೂ ಟೈರು ಉಜ್ಜುತ್ತವೆ. ಎಡಬದಿಯ ಎರಡು ಹಬ್ಬುಗಳ ನಡುವಿನ ದೂರ ಬಲಬದಿಯದಕ್ಕೆ ಸಮವಿದೆಯೇ ಎಂದು ಮೊದಲು ನೋಡಿ, ಆಮೇಲೆ ಹುಕ್ಕಿನ ಪಿನ್ನಿನಿಂದ ಅಳೆಯಬೇಕು. ಎಲ್ಲ ಸರಿಯಿದ್ದರೂ ತಿರುವಿನಲ್ಲಿ ಜೋಡಿ ಅಚ್ಚಿಗೆ ಒಂದಿಷ್ಟು ಉಜ್ಜು ತಪ್ಪಿದ್ದಲ್ಲ. ಅಚ್ಚುಗಳ ನಡುವೆ 1.2 ಮೀಟರ್ ಇದ್ದು 6 ಮೀಟರ್ ತ್ರಿಜ್ಯದಲ್ಲಿ ತಿರುಗಿಸಿದರೆ ಪ್ರತಿ ಟೈರು ಉರುಳುವ ದಿಕ್ಕಿಗೂ ಸಾಗುವ ದಿಕ್ಕಿಗೂ ಸುಮಾರು 6 ಡಿಗ್ರಿ ಅಂತರ. ಕಾರ್ಖಾನೆ ಯಾರ್ಡಿನಲ್ಲಿ, ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ತುಂಬಿದ ಟ್ರೇಲರನ್ನು ನಿಂತಲ್ಲೇ ತಿರುಗಿಸಿದಾಗ ಸಿಮೆಂಟಿನ ಮೇಲೆ ಉಳಿಯುವ ಕಪ್ಪು ಗೀರು ಟೈರಿನದೇ ರಬ್ಬರು. ಅಗಲವಾಗಿ ತಿರುಗಿಸುವ ಡ್ರೈವರ್ ಟೈರಿನ ದುಡ್ಡು ಉಳಿಸುತ್ತಾನೆ.

ಅಚ್ಚು ಜಾಗ ಬಿಟ್ಟು ಸರಿಯುವುದು ಸಾಮಾನ್ಯವಾಗಿ ಕಮಾನಿನ ಬಳಿ. ಪಟ್ಟಿಗಳನ್ನು ಹಿಡಿದ ಸೆಂಟರ್ ಬೋಲ್ಟಿನ ತಲೆ ಅಚ್ಚಿನ ಮೇಲಿನ ತೂತಿನಲ್ಲಿ ಕೂತಿರುತ್ತದೆ, ಅದೇ ಅಚ್ಚನ್ನು ಜಾಗದಲ್ಲಿ ಹಿಡಿಯುವುದು. ಯು ಬೋಲ್ಟ್ ಸಡಿಲವಾದರೆ ಎಳೆತವೆಲ್ಲ ಆ ಸಣ್ಣ ಬೋಲ್ಟಿನ ಮೇಲೆ ಬಿದ್ದು ಅದು ತುಂಡಾಗುತ್ತದೆ, ಅಚ್ಚು ಒಂದು ಬದಿಯಲ್ಲಿ ಹಿಂದಕ್ಕೆ ಜಾರುತ್ತದೆ. ಪಟ್ಟಿಗೂ ಅಚ್ಚಿಗೂ ನಡುವೆ ಹೊಳೆಯುವ ಉಜ್ಜು ಗುರುತು, ಸುತ್ತ ಕುಂಕುಮದ ಬಣ್ಣದ ತುಕ್ಕಿನ ಪುಡಿ ಇದ್ದರೆ ಯು ಬೋಲ್ಟ್ ಸಡಿಲವಿದೆ. ಹೊಸ ಪಟ್ಟಿ ಹಾಕಿಸಿದಾಗ ನಾಲ್ಕಾರು ಹೊರೆ ಹೊಡೆದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಲೇಬೇಕು. ಚಕ್ರದ ನಟ್ಟುಗಳಿಗೂ ಇದೇ ಮಾತು. ಸಡಿಲ ನಟ್ಟಿನಲ್ಲಿ ಓಡಿದ ಡಿಸ್ಕಿನ ತೂತುಗಳು ಮೊಟ್ಟೆಯಾಕಾರಕ್ಕೆ ಅಗಲವಾಗಿ, ಆಮೇಲೆ ಎಷ್ಟು ಬಿಗಿದರೂ ಚಕ್ರ ಒಲೆಯುತ್ತದೆ.

ದುರಸ್ತಿ

ಬಾಗಿದ ಅಚ್ಚನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ತಣ್ಣಗಿರುವಾಗಲೇ ನೆಟ್ಟಗೆ ಮಾಡಿಸಬಹುದು. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಡಿದು ನೆಟ್ಟಗೆ ಮಾಡುವುದು ಸುಲಭವಾದರೂ ಬೇಡ: ಹದಗೊಳಿಸಿದ ಉಕ್ಕು ಅಲ್ಲಿ ಮೆತ್ತಗಾಗಿ ಅದೇ ಜಾಗದಲ್ಲಿ ಮತ್ತೆ ಬಾಗುತ್ತದೆ. ಬೇರಿಂಗು ಕೂರುವ ತುದಿಯೇ ಬಾಗಿದ್ದರೆ ನೆಟ್ಟಗೆ ಮಾಡಿಸುವ ಪ್ರಯತ್ನವೇ ಬೇಡ, ಅಚ್ಚು ಬದಲಿಸಬೇಕು. ಆ ತುದಿ ಓಡುವಾಗ ಮುರಿದರೆ ಚಕ್ರ ಹಬ್ಬಿನ ಸಮೇತ ಕಳಚಿ ಹೋಗುತ್ತದೆ. ಕಮಾನಿನ ಬ್ರಾಕೆಟ್ಟು ಓರೆಯಾಗಿ ಬೆಸೆದಿದ್ದರೆ ಕತ್ತರಿಸಿ, ಹುಕ್ಕಿನ ಪಿನ್ನಿನಿಂದ ಅಳೆದು, ಮತ್ತೆ ಬೆಸೆಯಬೇಕು. ಬೆಸುಗೆ ಆರಿದ ಮೇಲೆ ಪುನಃ ಅಳೆಯಬೇಕು, ಏಕೆಂದರೆ ಬೆಸುಗೆ ಆರುವಾಗ ಉಕ್ಕನ್ನು ಎಳೆಯುತ್ತದೆ.

ಒಳಮಗ್ಗುಲು ಸವೆದ ಟೈರನ್ನು ರಿಮ್ಮಿನಿಂದ ಬಿಚ್ಚಿ ತಿರುವಿ ಹಾಕುವುದು ಪಂಕ್ಚರ್ ಅಂಗಡಿಗಳ ಹಳೆಯ ಉಪಾಯ. ದಿಕ್ಕಿನ ಗುರುತಿಲ್ಲದ ನೈಲಾನ್ ಟೈರಿಗೆ ಇದರಿಂದ ಹಾನಿಯಿಲ್ಲ, ಉಳಿದ ಬಟನ್ನಿಗೆ ಬೆಲೆ ಸಿಗುತ್ತದೆ. ಅಚ್ಚು ಸರಿ ಮಾಡಿಸಿದ ಮೇಲೆ ಮಾಡಿದರೆ ಇದು ಜಾಣತನ. ಅಚ್ಚು ಸರಿ ಮಾಡಿಸದೆ ಮಾಡಿದರೆ ಒಂದೇ ಮಗ್ಗುಲಲ್ಲಿ ಕಾಣಬೇಕಿದ್ದ ಗುರುತು ಎರಡೂ ಮಗ್ಗುಲಲ್ಲಿ ಕಂಡು, ಗಾಳಿ ಕಡಿಮೆಯಾದದ್ದೇ ಕಾರಣ ಎಂದು ಮುಂದಿನವರು ತಪ್ಪು ತಿಳಿಯುತ್ತಾರೆ. ತಿರುವಿ ಹಾಕಿದ ದಿನ ಟೈರಿನ ಪಕ್ಕದಲ್ಲಿ ಬಣ್ಣದಿಂದ ಒಂದು ಗುರುತು ಮಾಡಿಡುವುದು ಒಳ್ಳೆಯದು.

ವಸತಿ ಟ್ರೇಲರ್‌ಗಳಲ್ಲಿ

ಅಮೆರಿಕ, ಯುರೋಪುಗಳಲ್ಲಿ ಕಾರು ಅಥವಾ ಪಿಕಪ್ ಎಳೆಯುವ ವಸತಿ ಟ್ರೇಲರ್‌ಗಳಲ್ಲಿಯೂ ಒಳಮಗ್ಗುಲ ಸವೆತ ಬಹಳ ಕೇಳಿಬರುವ ದೂರು, ಕಾರಣವೂ ಇದೇ: ಅಡಿಗೆಮನೆ, ನೀರಿನ ಟ್ಯಾಂಕು, ಸಾಮಾನು ಸೇರಿ ಅಚ್ಚಿನ ಮಿತಿ ಮೀರುವ ಹೊರೆ. ಅಲ್ಲಿನ ಕೊಳವೆ ಅಚ್ಚುಗಳನ್ನು ನಡುವಿನಲ್ಲಿ ಸ್ವಲ್ಪ ಮೇಲಕ್ಕೆ ಬಾಗಿಸಿಯೇ ತಯಾರಿಸುತ್ತಾರೆ, ಹೊರೆ ಬಿದ್ದಾಗ ನೆಟ್ಟಗಾಗಲೆಂದು. ಅಂಥ ಅಚ್ಚು ಖಾಲಿಯಲ್ಲಿ ಹೊರಕ್ಕೆ ವಾಲಿದ ಚಕ್ರಗಳನ್ನು ತೋರಿಸಿದರೆ ಅದು ದೋಷವಲ್ಲ. ಟ್ರೇಲರಿಗೆಂದೇ ಮಾಡಿದ ಟೈರುಗಳಿಗೆ ಅಲ್ಲಿ ಬಹುಕಾಲ ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿ.ಮೀ. ವೇಗದ ಮಿತಿ ಇತ್ತು. ಕರ್ನಾಟಕದ ರಸ್ತೆಗಳಲ್ಲಿ ಇಂಥ ವಾಹನ ಇನ್ನೂ ವಿರಳ. ಬೇಲೂರು, ಶ್ರವಣಬೆಳಗೊಳ ನೋಡಲು ಇಂಥದ್ದರಲ್ಲಿ ಬಂದವರಿಗೆ ಮೇಲಿನ ಅಳತೆಗಳೆಲ್ಲ ಹಾಗೆಹಾಗೆಯೇ ಅನ್ವಯಿಸುತ್ತವೆ.

ಟೈರನ್ನು ಕಳಚುವ ಹೊತ್ತು

ಕೇಂದ್ರ ಮೋಟಾರು ವಾಹನ ನಿಯಮಗಳು ದ್ವಿಚಕ್ರ, ತ್ರಿಚಕ್ರ ಬಿಟ್ಟು ಉಳಿದ ವಾಹನಗಳಿಗೆ ಬಟನ್ನಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದು ಎನ್ನುತ್ತವೆ. ಓರೆ ಸವೆದ ಟೈರಿನಲ್ಲಿ ಹೆಚ್ಚು ಸವೆದ ಅಂಚಿನ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು, ನಡುವಿನದನ್ನಲ್ಲ. ನೂಲು ಕಂಡ ಟೈರು ಎಷ್ಟೇ ಬಟನ್ ಉಳಿಸಿಕೊಂಡಿದ್ದರೂ ಹೊರೆಗೆ ಲಾಯಕ್ಕಲ್ಲ; ರೀಸೋಲಿಗೂ ಒಗ್ಗದು. ರೀಸೋಲ್ ಮಾಡಿಸಬೇಕೆಂದಿದ್ದರೆ ನೂಲಿಗೆ ಹತ್ತಿರವಾಗುವ ಮೊದಲೇ ಬಿಚ್ಚಬೇಕು.

ಟ್ರೇಲರಿನ ಟೈರು ಸವೆಯುವುದಕ್ಕೆ ಮುಂಚೆ ವಯಸ್ಸಾಗುವುದೂ ಉಂಟು. ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಬಿಸಿಲಿನಲ್ಲಿ, ಹಲವೊಮ್ಮೆ ಸೌದೆಯೋ ಕಲ್ಲೋ ಹೇರಿದ ಹಾಗೇ ನಿಂತ ಟೈರಿನ ಪಕ್ಕ ಬಿರುಕು ಬಿಡುತ್ತದೆ, ನೆಲಕ್ಕೊತ್ತಿದ ಭಾಗ ಚಪ್ಪಟೆಯಾಗುತ್ತದೆ. ಟೈರಿನ ಪಕ್ಕದ ಸಂಕೇತದಲ್ಲಿ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2319 ಎಂದಿದ್ದರೆ 2019ರ 23ನೆಯ ವಾರ. ಹಳೆಯ ಟೈರು ಕೊಳ್ಳುವವರು ಬಟನ್ನಿಗಿಂತ ಮೊದಲು ಈ ಅಂಕಿ ನೋಡಬೇಕು. ನಿಲ್ಲಿಸುವಾಗ ಹೊರೆ ಇಳಿಸಿ, ಷಾಸಿಯ ಕೆಳಗೆ ದಿಮ್ಮಿ ಕೊಟ್ಟು ಚಕ್ರ ಎತ್ತಿ, ಟೈರಿಗೆ ನೆರಳು ಮಾಡಬೇಕು. ಹಂಗಾಮು ಶುರುವಾಗುವ ಮುನ್ನ ಗಾಳಿ, ಬೇರಿಂಗು, ಯು ಬೋಲ್ಟ್, ಚಕ್ರಗಳ ಮುಂದಿನ ಹಿಂದಿನ ಅಳತೆ ನೋಡಿ, ಹನ್ನೆರಡು ಜಾಗದ ಆಳವನ್ನು ಬರೆದಿಟ್ಟರೆ, ಮುಂದಿನ ಸಲ ಅಳೆದಾಗ ಸವೆತ ಎತ್ತ ವಾಲುತ್ತಿದೆ ಎಂಬುದು ಒಂದೆರಡು ಮಿಲಿಮೀಟರಿನಲ್ಲೇ ತಿಳಿಯುತ್ತದೆ.